ಬ್ರೇಕ್ ಪೆಡಲ್ ಮೆತ್ತಗಾಗುವುದು
ಒತ್ತಿದಾಗ ಗಟ್ಟಿಯಾಗಿ ನಿಲ್ಲದೆ ಸ್ಪಂಜಿನಂತೆ ಪೆಡಲ್ ಒಳಗಿಳಿಯುವ ದೋಷ. ಹೊಸ ಪ್ಯಾಡ್ ಹಾಕಿದೊಡನೆ ಹೀಗಾಗುವುದು ಸಹಜ. ಹಿಂದೆ ತಳ್ಳಿದ ಕ್ಯಾಲಿಪರ್ ಪಿಸ್ಟನ್ ಪ್ಯಾಡಿಗೆ ತಾಗುವವರೆಗೆ, ಗಾಡಿ ಹೊರಡಿಸುವ ಮುನ್ನವೇ, ಪೆಡಲ್ ಒತ್ತುತ್ತಿರಬೇಕು. ಆಮೇಲೂ ಮೆತ್ತಗಿದ್ದರೆ ಮೊದಲ ಅನುಮಾನ ಪೈಪಿನೊಳಗಿನ ಗಾಳಿಯ ಮೇಲೆ. ಅದನ್ನು ಹೊರತೆಗೆಯಲು ಬ್ಲೀಡ್ ಮಾಡುವಾಗ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಬಿಟ್ಟು, ಪೆಡಲ್ ಮೇಲೇಳುವ ಮೊದಲೇ ಬಿಗಿಯಬೇಕು. ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ಕುಸಿದರೆ ಎಲ್ಲೋ ಸೋರಿಕೆಯಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ಸೀಲ್ ಸವೆದಿದೆ.

ಅರಳಸುರಳಿಯಂಥ ಮಳೆನಾಡಿನ ಊರುಗಳಲ್ಲಿ ಬ್ರೇಕ್ ಆಯಿಲ್‌ನ ವಯಸ್ಸನ್ನು ಕಡೆಗಣಿಸುವಂತಿಲ್ಲ. ಅದು ತೇವ ಹೀರುತ್ತದೆ: ಡಾಟ್ 3 ದರ್ಜೆಯ ಆಯಿಲ್‌ನ ಕನಿಷ್ಠ ಕುದಿಬಿಂದು ಹೊಸತರಲ್ಲಿ 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದಾಗ 140. ಆಗುಂಬೆ ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ನಂಬಿದರೆ, ಹಳೆಯ ಆಯಿಲ್ ಕುದ್ದು ಆವಿಯಾಗಿ ಪೆಡಲ್ ತಳ ಮುಟ್ಟಬಹುದು.