ವೇದತ್ರಯ ವಿಚಾರ: ಆಗಮದಲ್ಲಿ ಮತ್ತು ವಿಜ್ಞಾನದಲ್ಲಿ

ಜೈನ ಕರ್ಮಸಿದ್ಧಾಂತದಲ್ಲಿ ‘ವೇದ’ವೆಂಬುದು ಗ್ರಂಥದ ಹೆಸರಲ್ಲ, ಜೀವನಲ್ಲಿ ಉದಯಿಸುವ ಕಾಮಭಾವದ ಹೆಸರು. ಪುರುಷನನ್ನು ಬಯಸುವ ಭಾವ ಸ್ತ್ರೀವೇದ. ಸ್ತ್ರೀಯನ್ನು ಬಯಸುವುದು ಪುಂವೇದ. ಉಭಯರನ್ನೂ ಬಯಸುವುದು ನಪುಂಸಕವೇದ. ಈ ಮೂರೂ ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಸೇರಿವೆ. ದೇಹದ ಆಕಾರವಾದರೋ ನಾಮಕರ್ಮದ ಫಲ.

ಹೀಗೆ ದೇಹವನ್ನು ದ್ರವ್ಯವೇದವೆಂದೂ ಅಂತರಂಗದ ಬಯಕೆಯನ್ನು ಭಾವವೇದವೆಂದೂ ಆಚಾರ್ಯರು ಬೇರ್ಪಡಿಸಿದರು. ಇವೆರಡೂ ಪ್ರಾಯಃ ಸಮವಾಗಿರುತ್ತವೆ, ಕೆಲವೆಡೆ ವಿಷಮವಾಗಿರುತ್ತವೆ ಎಂಬುದು ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಮಾಡಿದ ನಿರೂಪಣೆ. ಅವರಿಗಿಂತ ಶತಮಾನಗಳ ಹಿಂದೆಯೇ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ದ್ರವ್ಯದಿಂದ ಪುರುಷಲಿಂಗಕ್ಕೇ ಸಿದ್ಧಿಯೆಂದರೂ ಭಾವದಿಂದ ಮೂರು ವೇದದವರಿಗೂ ಸಿದ್ಧಿಯುಂಟೆಂದು ತಿಳಿಸಿದ್ದಾರೆ. ಅಂದರೆ ಪುರುಷದೇಹದಲ್ಲಿ ಸ್ತ್ರೀವೇದದ ಉದಯವುಳ್ಳವನೂ ಕ್ಷಪಕಶ್ರೇಣಿಯನ್ನು ಏರಬಲ್ಲನು. ಒಂಬತ್ತನೆಯ ಗುಣಸ್ಥಾನದಲ್ಲಿ ಮೂರು ವೇದಗಳೂ ಸಮಾನವಾಗಿ ಕ್ಷಯವಾಗತಕ್ಕವು.

ಆದರೂ ಪ್ರಾಚೀನರು ಇಂದಿನವರಂತೆಯೇ ಯೋಚಿಸಿದರೆಂದು ಹೇಳುವುದು ಸತ್ಯವ್ರತಕ್ಕೆ ಒಪ್ಪದು. ನಪುಂಸಕವೇದವನ್ನು ಶಾಸ್ತ್ರವು ಇಟ್ಟಿಗೆಗೂಡಿನ ಬೆಂಕಿಗೆ ಹೋಲಿಸಿ ಅತಿತೀವ್ರವೆಂದಿದೆ. ಕೆಲವು ವರ್ಗದ ನಪುಂಸಕರಿಗೆ ದೀಕ್ಷೆಯ ನಿಷೇಧವೂ ಇತ್ತು.

ಯೂರೋಪಿನ ವೈದ್ಯಶಾಸ್ತ್ರ ಬೇರೊಂದು ದಾರಿಯಲ್ಲಿ ನಡೆಯಿತು. 1886ರಲ್ಲಿ ಕ್ರಾಫ್ಟ್-ಎಬಿಂಗ್ ಸಲಿಂಗಾಕರ್ಷಣೆಯನ್ನು ಮನೋವಿಕೃತಿಗಳ ಸಾಲಿಗೆ ಸೇರಿಸಿದನು. 1948ರಲ್ಲಿ ಅಮೆರಿಕದ ಕಿನ್ಸಿ, ಆಕರ್ಷಣೆಯು ಎರಡೇ ಪಂಗಡವಾಗಿರದೆ ಸೊನ್ನೆಯಿಂದ ಆರರವರೆಗಿನ ಶ್ರೇಣಿಯಾಗಿದೆಯೆಂದು ತೋರಿಸಿದನು. 1957ರಲ್ಲಿ ಎವೆಲಿನ್ ಹೂಕರ್ ಪ್ರಕಟಿಸಿದ ಅಧ್ಯಯನದಲ್ಲಿ, ಮಾನಸಿಕ ಪರೀಕ್ಷೆಗಳ ಫಲಿತಾಂಶವನ್ನಷ್ಟೇ ನೋಡಿದ ತಜ್ಞರಿಗೆ ಇಂಥವರನ್ನು ಇತರರಿಂದ ಬೇರ್ಪಡಿಸಲಾಗಲಿಲ್ಲ. ಅಮೆರಿಕದ ಮನೋವೈದ್ಯ ಸಂಘವು 1973ರಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೂ ಇದನ್ನು ರೋಗಗಳ ಪಟ್ಟಿಯಿಂದ ತೆಗೆದವು. ಲಕ್ಷಾಂತರ ಜನರ ವಂಶವಾಹಿಗಳನ್ನು ಪರಿಶೀಲಿಸಿದ 2019ರ ಅಧ್ಯಯನವು, ಇದಕ್ಕೆ ಯಾವುದೇ ಒಂದು ವಂಶವಾಹಿ ಕಾರಣವಲ್ಲ, ಅನೇಕ ಕಾರಣಗಳು ಕೂಡಿವೆ ಎಂದಿತು. ಭಾರತದಲ್ಲಿ ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಅಪರಾಧವಾಗಿಸಿದ್ದ, ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ಅಪರಾಧಮುಕ್ತಗೊಳಿಸಿತು.

ಶ್ರಾವಕರ ಮನೆಗಳಿಗೆ ಈ ಇತಿಹಾಸ ದೂರದ್ದಲ್ಲ. ಮಗನ ಅಥವಾ ಮಗಳ ಸ್ವಭಾವವನ್ನರಿತೂ ಲೋಕಾಪವಾದಕ್ಕೆ ಅಂಜಿ ಮದುವೆ ಮಾಡಿಬಿಟ್ಟರೆ ಎರಡು ಜೀವಗಳು ಬೇಯುತ್ತವೆ. ಏನೂ ತಿಳಿಯದೆ ಮನೆತುಂಬಿದ ಸೊಸೆಗೋ ಕೈಹಿಡಿದ ಅಳಿಯನಿಗೋ ಮಾಡಿದ ಆ ವಂಚನೆ ಹಿಂಸೆಯಲ್ಲದೆ ಮತ್ತೇನು?

ಒಂಬತ್ತು ನೋಕಷಾಯಗಳ ಪಟ್ಟಿಯನ್ನು ಪುನಃ ನೋಡಬೇಕು: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಬಳಿಕ ಮೂರು ವೇದಗಳು. ಅನ್ಯನ ವೇದವನ್ನು ಕಂಡು ಹೇಸುವವನೂ ಅದೇ ಮೋಹನೀಯಕ್ಕೆ ವಶನಾಗಿದ್ದಾನೆ. ಬ್ರಹ್ಮಚರ್ಯಾಣುವ್ರತದ ಸಂಯಮ ಎಲ್ಲರಿಗೂ ವಿಹಿತವಾದದ್ದು. ಜುಗುಪ್ಸೆ ಯಾರಿಗೂ ವಿಹಿತವಲ್ಲ. ಸಮ್ಯಗ್ದರ್ಶನದ ಮೂರನೆಯ ಅಂಗ ನಿರ್ವಿಚಿಕಿತ್ಸೆ. ವ್ಯಾಧಿಗ್ರಸ್ತ ಮುನಿಯ ವಾಂತಿಯನ್ನು ಹೇಸದೆ ತೊಳೆದ ಉದ್ದಾಯನ ಮಹಾರಾಜನು ಅದಕ್ಕೆ ದೃಷ್ಟಾಂತ. ವ್ಯಾಧಿಯೇ ಅಲ್ಲದ ಸ್ವಭಾವವುಳ್ಳ ಸ್ವಂತ ಮಕ್ಕಳ ವಿಷಯದಲ್ಲಿ ಆ ಅಂಗವನ್ನು ಪಾಲಿಸುವುದು ಶ್ರಾವಕರಿಗೆ ಕಷ್ಟವಾಗಬಾರದು.