ಕಾದು ನಿಂತಿದ್ದಕ್ಕೂ ಕೂಲಿ

ಸಗಟು ದರ ಏರಿದರೆ ಸಾಕು, ಹೊಸ ವಿದ್ಯುತ್ ಸ್ಥಾವರಗಳು ತಾವಾಗಿ ಏಳುತ್ತವೆ ಎನ್ನುವವರು ಇಂಗ್ಲೆಂಡಿನತ್ತ ಬೆರಳು ತೋರುವುದುಂಟು. 1990ರ ಮಾರ್ಚ್ 31ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಉತ್ಪಾದನಾ ಮಂಡಳಿ ನಾಲ್ಕು ಹೋಳಾಯಿತು. ಅರ್ಧ ಗಂಟೆಗೊಂದು ದರ ಕಟ್ಟುವ ‘ಪೂಲ್’ ಎಂಬ ಪೇಟೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಅನಿಲ ಸ್ಥಾವರಗಳು ಸಾಲುಗಟ್ಟಿ ಎದ್ದವು. 1993ರಲ್ಲಿ ಚಾಲನೆಗೊಂಡ ಟೀಸೈಡ್ ಒಂದರದೇ ಸಾಮರ್ಥ್ಯ 1,875 ಮೆಗಾವಾಟ್. ಅನಿಲ ಅಗ್ಗವಾಗಿತ್ತು, ನಿಜ. ಆದರೆ ಅಂಥ ಸ್ಥಾವರಗಳ ಕರೆಂಟನ್ನು ಪ್ರಾದೇಶಿಕ ವಿತರಣಾ ಕಂಪನಿಗಳು 15 ವರ್ಷದಷ್ಟು ದೀರ್ಘ ಒಪ್ಪಂದಗಳಲ್ಲಿ ಮೊದಲೇ ಕೊಂಡಿದ್ದವು. ಹಲವೆಡೆ ತಾವೇ ಪಾಲೂ ಹಾಕಿದ್ದವು. ಆ ಕಂಪನಿಗಳ ಮನೆಬಳಕೆ ಗ್ರಾಹಕರಿಗೋ 1998ರವರೆಗೆ ಬೇರೆಯವರಿಂದ ಕೊಳ್ಳುವ ದಾರಿಯೇ ಇರಲಿಲ್ಲ. ಸಾಲ ಕೊಟ್ಟವರಿಗೆ ಧೈರ್ಯ ತಂದದ್ದು ಪೂಲ್ ದರವಲ್ಲ, ತಪ್ಪಿಸಿಕೊಳ್ಳಲಾರದ ಈ ಗ್ರಾಹಕ. (ನಮ್ಮ ಶಿವನಸಮುದ್ರದ ಸ್ಥಾವರ 1902ರಲ್ಲಿ ಕೆಲಸ ಆರಂಭಿಸುವ ಮೊದಲೇ ಕೋಲಾರದ ಚಿನ್ನದ ಗಣಿಗಳು ಕರೆಂಟು ಕೊಳ್ಳಲು ಒಪ್ಪಂದ ಮಾಡಿಕೊಂಡಿದ್ದವು. ಮೈಸೂರು ಸರ್ಕಾರಕ್ಕೂ ಖಚಿತ ಗಿರಾಕಿ ಬೇಕಿತ್ತು.)

ಪೂಲ್ ರೂಪಿಸಿದವರಿಗೂ ದರದ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ವರ್ಷಕ್ಕೆ ನಾಲ್ಕಾರು ಚಳಿಯ ಸಂಜೆಗಳಲ್ಲಷ್ಟೇ ಬೇಕಾಗುವ ಸ್ಥಾವರ ಮಾರಿದ ಯೂನಿಟ್ಟಿನಿಂದ ಬದುಕಲಾರದು. ಕಾದು ನಿಂತಿದ್ದಕ್ಕೂ ಅದಕ್ಕೆ ಕೂಲಿ ಬೇಕು. ಹಾಗಾಗಿ, ಕೊರತೆ ಬೀಳುವ ಸಂಭವವನ್ನೂ ಕರೆಂಟು ಹೋದರೆ ಆಗುವ ನಷ್ಟವನ್ನೂ ಗುಣಿಸಿ ದರದ ಮೇಲೆ ಸಾಮರ್ಥ್ಯದ ಹಣ ಸೇರಿಸುತ್ತಿದ್ದರು. ಆ ನಷ್ಟಕ್ಕೆ ಕಟ್ಟಿದ ಬೆಲೆ 1990ರಲ್ಲಿ ಯೂನಿಟ್ಟಿಗೆ 2 ಪೌಂಡ್. ಈ ಸೂತ್ರದ ದೋಷ ಬೇಗ ಬಯಲಾಯಿತು: ಕೈಯಲ್ಲಿ ಹಲವು ಸ್ಥಾವರಗಳಿದ್ದವನು ಒಂದನ್ನು ‘ಲಭ್ಯವಿಲ್ಲ’ ಎಂದರೆ ಉಳಿದವುಗಳ ಗಳಿಕೆ ಏರುತ್ತಿತ್ತು. 2001ರ ಮಾರ್ಚ್ 27ರಂದು ಪೂಲ್ ಜೊತೆಗೆ ಆ ಹಣವೂ ಹೋಯಿತು. ಸಗಟು ದರ ಕುಸಿದಿತ್ತು. 2002ರಲ್ಲಿ ಅಣುವಿದ್ಯುತ್ ಕಂಪನಿ ಬ್ರಿಟಿಷ್ ಎನರ್ಜಿ ಸರ್ಕಾರದ ಮುಂದೆ ಕೈಚಾಚಿತು. ಆದರೂ ದೇಶ ಕತ್ತಲಾಗಲಿಲ್ಲವಲ್ಲ ಎಂದು ಕೇಳಬಹುದು. ಆಗಲಿಲ್ಲ, ಏಕೆಂದರೆ ಸರ್ಕಾರಿ ಮಂಡಳಿಯ ಕಾಲದಲ್ಲಿ ಕಟ್ಟಿದ ಕಲ್ಲಿದ್ದಲು ಸ್ಥಾವರಗಳು ಇನ್ನೂ ಓಡುತ್ತಿದ್ದವು. ಪೇಟೆ ಕೂತು ಉಂಡದ್ದು ಆ ಹಳೆಯ ಗಂಟನ್ನು. ಯುರೋಪಿನ ಮಾಲಿನ್ಯ ನಿಯಮಗಳಿಂದ ಅವುಗಳಲ್ಲಿ ಹಲವು 2015ರೊಳಗೆ ಮುಚ್ಚಬೇಕಾಗಿ ಬಂದಾಗ ಗಂಟು ಕರಗಿದ್ದು ಕಂಡಿತು.

2013ರ ಬ್ರಿಟಿಷ್ ಇಂಧನ ಕಾಯ್ದೆ ಕಾಯುವ ಕೂಲಿಯನ್ನು ಹರಾಜಿನ ರೂಪದಲ್ಲಿ ಮರಳಿ ತಂದಿತು. 2014ರ ಡಿಸೆಂಬರಿನ ಮೊದಲ ಹರಾಜಿನಲ್ಲಿ ಕಿಲೋವಾಟ್‌ಗೆ ವರ್ಷಕ್ಕೆ 19.40 ಪೌಂಡ್‌ನಂತೆ ಸುಮಾರು 49 ಗಿಗಾವಾಟ್ ಖರೀದಿಯಾಯಿತು. ಹೇಗೂ ನಿಂತಿದ್ದ ಹಳೆಯ ಸ್ಥಾವರಗಳಿಗೇ ಹೆಚ್ಚಿನ ಹಣ ಹೋಯಿತು ಎಂಬ ಟೀಕೆ ಸರಿಯಾದದ್ದೇ, ಅದನ್ನು ಅಲ್ಲಗಳೆಯಲಾಗದು. ಆದರೆ ಅದರಿಂದ ಕೂಲಿಯೇ ಬೇಡ ಎಂಬ ತೀರ್ಮಾನ ಹೊರಡದು. ಕೂಲಿ ಬೇಕು, ಆದರೆ ಅದೊಂದೇ ಸಾಲದು: ಹರಾಜಿನಲ್ಲಿ ಗೆದ್ದ ಹೊಸ ಸ್ಥಾವರಗಳಲ್ಲೇ ದೊಡ್ಡದಾದ ಟ್ರಾಫರ್ಡ್‌ಗೆ 15 ವರ್ಷದ ಒಪ್ಪಂದ ಕೈಯಲ್ಲಿದ್ದರೂ ಬಂಡವಾಳ ಸಿಗಲಿಲ್ಲ. ಅದು ಏಳಲೇ ಇಲ್ಲ. ಒಪ್ಪಂದ ಕೊಡುತ್ತಿದ್ದದ್ದು ಕಾಯುವ ಕೂಲಿಯನ್ನು ಮಾತ್ರ, ಕರೆಂಟಿಗೆ ಖಚಿತ ಗಿರಾಕಿಯನ್ನಲ್ಲ. ಹಿಂಕ್ಲಿ ಪಾಯಿಂಟ್ ಸಿ ಅಣುಸ್ಥಾವರಕ್ಕೆ 2016ರಲ್ಲಿ ಸಹಿ ಬಿದ್ದಾಗ ಪೇಟೆಯ ಏರಿಳಿತಕ್ಕೆ ಏನನ್ನೂ ಬಿಡಲಿಲ್ಲ: 2012ರ ಬೆಲೆಮಟ್ಟದಲ್ಲಿ ಮೆಗಾವಾಟ್ ಗಂಟೆಗೆ 92.50 ಪೌಂಡ್, 35 ವರ್ಷ, ವ್ಯತ್ಯಾಸ ತುಂಬಿಕೊಡುವ ಹೊರೆ ಮತ್ತೆ ಮನೆಮನೆಯ ಬಿಲ್ಲಿನ ಮೇಲೆ.