ಹೂಡುವವರು, ಬಿಡುವವರು

ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಬಿ.ಕಾಂ. ಹುಡುಗ ‘ವ್ಯೂಹಾತ್ಮಕ ನಿರ್ವಹಣೆ’ ಎಂಬ ಪಾಠ ಉರು ಹೊಡೆಯುತ್ತಿದ್ದ. “ವ್ಯೂಹ ಅಂದ್ರೇನಪ್ಪ?” ಅಂದೆ. “ಸ್ಟ್ರಾಟಜಿ ಸಾರ್.” “ಸ್ಟ್ರಾಟಜಿ ಅಂದ್ರೆ?” “ವ್ಯೂಹ ಸಾರ್.” ಇಬ್ಬರೂ ನಕ್ಕೆವು.

ಗ್ರೀಕರ ಆ ಮಾತಿನ ಬೇರಿನಲ್ಲಿ ಕೂತಿರುವವನು ದಂಡನಾಯಕ. ನಮ್ಮ ಪಾರಿಭಾಷಿಕ ಪದಗಳನ್ನು ಕಟ್ಟಿದವರೂ ಅವನ ಹಿಂದೆಯೇ ನಡೆದು ಕುರುಕ್ಷೇತ್ರಕ್ಕೆ ಹೋಗಿ ವ್ಯೂಹವನ್ನು ಹೊತ್ತು ತಂದರು. ಅಷ್ಟು ದೂರ ಹೋಗಬೇಕಿರಲಿಲ್ಲ. ಬಸ್ಸಿನ ಕಿಟಕಿಯಾಚೆ ಕಡಲೆಕಾಯಿ ಹೊಲದಲ್ಲೇ ಒಂದು ಮಾತು ಬಿದ್ದಿತ್ತು: ಹೂಡು.

ಎತ್ತು ಹೂಡುತ್ತೇವೆ, ನೇಗಿಲು ಹೂಡುತ್ತೇವೆ, ಬಿಲ್ಲಿಗೆ ಬಾಣ ಹೂಡುತ್ತೇವೆ. ಮೂರು ಕಲ್ಲಿಟ್ಟು ಒಲೆ ಹೂಡುತ್ತೇವೆ. ಊರು ಬಿಟ್ಟು ಬಂದವರು ಬಿಡಾರ ಹೂಡುತ್ತಾರೆ, ಮದುವೆಯಾದವರು ಸಂಸಾರ ಹೂಡುತ್ತಾರೆ, ಅಣ್ಣತಮ್ಮಂದಿರು ಬದುವಿನ ಜಗಳಕ್ಕೆ ಮಧುಗಿರಿ ಕೋರ್ಟಿನಲ್ಲಿ ದಾವೆ ಹೂಡುತ್ತಾರೆ. ಸಂಚು ಹೂಡುವುದೂ ಉಂಟು, ತಂತ್ರ ಹೂಡುವುದೂ ಉಂಟು. ಇದರ ನ್ಯಾಯ ನೋಡಿ: ಮಾಲೀಕ ಬಂಡವಾಳ ಹೂಡಿದರೆ ಕಾರ್ಮಿಕ ಮುಷ್ಕರ ಹೂಡುತ್ತಾನೆ. ಒಂದೇ ಕ್ರಿಯಾಪದ ಇಬ್ಬರಿಗೂ ದುಡಿಯುತ್ತದೆ.

ಹಳಗನ್ನಡದಲ್ಲಿ ಇದು ಪೂಡು. ತಮಿಳಿನ ಪೂಟ್ಟು ಇದರ ಒಡಹುಟ್ಟು. ತಮಿಳರು ಎತ್ತಿಗೆ ನೊಗ ಕಟ್ಟುವುದಕ್ಕೂ ಬಾಗಿಲಿಗೆ ಬೀಗ ಹಾಕುವುದಕ್ಕೂ ಅದನ್ನೇ ಬಳಸುತ್ತಾರೆ. ಮೂರು ದಿಕ್ಕಿಗೆ ಆಂಧ್ರವನ್ನಿಟ್ಟುಕೊಂಡ ಪಾವಗಡದಲ್ಲಿ ತೆಲುಗಿನ ಪೂನು ಕಿವಿಗೆ ಬೀಳುತ್ತದೆ. ಅದಕ್ಕೆ ನೊಗ ಹೂಡು ಎಂಬ ಅರ್ಥವೂ ಉಂಟು, ಒಂದು ಕೆಲಸಕ್ಕೆ ಟೊಂಕ ಕಟ್ಟಿ ನಿಲ್ಲು ಎಂಬ ಅರ್ಥವೂ ಉಂಟು. ನಮ್ಮ ಕಡೆ ಬೇಸಾಯಕ್ಕೆ ಆರಂಬ ಎನ್ನುತ್ತಾರೆ. ಎತ್ತು ಕಟ್ಟಿದ ನೇಗಿಲು ಆರು; ಯುಗಾದಿಯಲ್ಲಿ ವರ್ಷದ ಮೊದಲ ಆರು ಹೂಡುವುದು ಹೊನ್ನಾರು. ಆವತ್ತು ಉಳುವುದು ನಾಲ್ಕು ಸಾಲು, ಅಷ್ಟೆ. ಉಳುಮೆಗಿಂತ ಹೂಡಿದ್ದೇ ಮುಖ್ಯ.

ಇಡು, ಹಾಕು ಎಂಬುವಕ್ಕೆ ಒಬ್ಬನೇ ಸಾಕು. ಅಂಗಡಿ ಇಡಬಹುದು, ಚೀಟಿಗೆ ದುಡ್ಡು ಹಾಕಬಹುದು. ಹೂಡುವುದಕ್ಕೆ ಎಳೆಯುವ ಕುತ್ತಿಗೆ ಬೇಕು, ಅದೂ ಜೋಡಿ. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ದನಗಳ ಜಾತ್ರೆಯಲ್ಲಿ ಒಂದು ಜೊತೆ ಎತ್ತಿಗೆ ವ್ಯಾಪಾರ ಕುದುರುವ ಮುಂಚೆ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಎತ್ತರ ಸರಿಸಮ ಇದೆಯೇ ಎಂದು ಹಿಂದಿನಿಂದ ಕಣ್ಣಳತೆ ಹಾಕುತ್ತಾರೆ, ಆಮೇಲೆ ನಡೆಸಿ ನೋಡುತ್ತಾರೆ. ಒಂದು ಬಿರುಸು, ಒಂದು ಮಂದ ಆದರೆ ಸಾಲು ಸೊಟ್ಟಗಾಗುತ್ತದೆ. ದೊಡ್ಡ ದೊಡ್ಡ ಕಂಪನಿಗಳು ಒಂದಾಗಿ ಒಂದೆರಡು ವರ್ಷಕ್ಕೇ ಬೇರೆಯಾದ ಸುದ್ದಿ ಓದಿದಾಗೆಲ್ಲ ನನಗೆ ಈ ಜಾತ್ರೆ ನೆನಪಾಗುತ್ತದೆ.

ಮಳೆಯನ್ನು ನಂಬಲಾಗದ ಸೀಮೆ ಇದು. ಇದ್ದುದನ್ನೆಲ್ಲ ಒಂದೇ ಬೆಳೆಯ ಮೇಲೆ ಹೂಡಿದವನು ಇಲ್ಲಿ ಉಳಿಯುವುದಿಲ್ಲ. ಕಡಲೆಕಾಯಿಯ ನಡುನಡುವೆ ತೊಗರಿ, ಅಲಸಂದೆ, ಅವರೆಯ ಅಕ್ಕಡಿ ಸಾಲು, ಅಂಚಿಗೆ ಹರಳು. ಮುಂಗಾರು ಕೈಕೊಟ್ಟು ಕಡಲೆಕಾಯಿ ಜೊಳ್ಳಾದರೂ ಹಿಂಗಾರಿನ ಒಂದು ಹದಕ್ಕೆ ತೊಗರಿ ಎದ್ದು ನಿಲ್ಲುತ್ತದೆ. ಇದನ್ನೇ ಹವಾನಿಯಂತ್ರಿತ ಕೋಣೆಯಲ್ಲಿ ಪರದೆಯ ಮೇಲೆ ತೋರಿಸಿ ಹೇಳಿದರೆ ಕೇಳಲು ಫೀಸು ಕೊಡಬೇಕಾಗುತ್ತದೆ.

ದಂಡನಾಯಕನನ್ನು ಪೂರ್ತಿ ಮರೆಯಲು ಶಿರಾ ಬಿಡುವುದಿಲ್ಲ. ಮೊಗಲರು 1687ರಲ್ಲಿ ಇಲ್ಲಿ ಬಿಡಾರ ಹೂಡಿ ಸುಬಾದ ರಾಜಧಾನಿ ಮಾಡಿಕೊಂಡರು. ಅದು ಮರಾಠರ ಕೈಗೆ ಹೋಗಿ, 1761ರಲ್ಲಿ ಹೈದರಾಲಿಗೆ ಸಿಕ್ಕಿತು. ಮುಂದೆ ಟಿಪ್ಪು ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಒಯ್ದನೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಯೋಜನೆಯೇನೋ ಭರ್ಜರಿ. ಹೂಡಿದ ಕುತ್ತಿಗೆಗಳನ್ನು ಕೇಳಿದವರು ಯಾರು?

ಇವತ್ತು ಪತ್ರಿಕೆಯಲ್ಲಿ ಈ ಮಾತು ‘ಹೂಡಿಕೆ’ ಎಂಬ ನಾಮಪದವಾಗಿ ಕೋಟು ತೊಟ್ಟಿದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಿಂದ 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಬಂತೆಂದು ಸರ್ಕಾರ ಹೇಳಿತು. ಭರವಸೆ ಎಂದರೆ ಇನ್ನೂ ಕೊಟ್ಟಿಗೆಯಲ್ಲೇ ಇರುವ ಎತ್ತು.

ನಿಜಕ್ಕೂ ಹೂಡಿದ್ದನ್ನು ನೋಡಬೇಕೆಂದರೆ ಪಾವಗಡಕ್ಕೆ ಹೋಗಬೇಕು. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ಫಲಕಗಳು, 2,050 ಮೆಗಾವಾಟ್. ಅದಕ್ಕಾಗಿ 2015ರಲ್ಲಿ ಕೇಂದ್ರದ ಸಂಸ್ಥೆಯೊಂದು, ರಾಜ್ಯದ ಸಂಸ್ಥೆಯೊಂದು ಸೇರಿ ಜಂಟಿ ನಿಗಮ ಕಟ್ಟಿದವು; ಒಂಟೆತ್ತಿನ ಇಬ್ಬರು ರೈತರು ಕೂಡಿ ಒಂದು ಆರು ಮಾಡಿಕೊಂಡ ಹಾಗೆ. ಮೊದಲ ಹಂತಕ್ಕೆ 2018ರ ಮಾರ್ಚ್ 1ರಂದು ಚಾಲನೆ ಸಿಕ್ಕಿತು. ಇಲ್ಲಿನ ಜಾಣತನ ಇರುವುದು ಫಲಕದಲ್ಲಲ್ಲ, ಕರಾರಿನಲ್ಲಿ. ಜಮೀನು ಕೊಳ್ಳಲಿಲ್ಲ, ವಶಪಡಿಸಿಕೊಳ್ಳಲಿಲ್ಲ. 28 ವರ್ಷದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಹೆಚ್ಚಳ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಭೂಸ್ವಾಧೀನ ಎಂದೊಡನೆ ಊರೂರೇ ಧರಣಿ ಹೂಡುವ ಕಾಲದಲ್ಲಿ ಇದು ನಿಜಕ್ಕೂ ಒಳ್ಳೆಯ ಹಂಚಿಕೆ. ಬರದ ಮೇಲೆ ಬರ ಬಿದ್ದು ಬೋರ್‌ವೆಲ್ ಬತ್ತಿದವನಿಗೆ ಮಳೆಯನ್ನು ಕೇಳದೆ ಬರುವ ಹಣ ಸಣ್ಣದಲ್ಲ.

ಆದರೂ ಪದ ಸುಮ್ಮನಿರುವುದಿಲ್ಲ. ಜಮೀನಿದ್ದವನಿಗೆ ಗುತ್ತಿಗೆ ಸಿಕ್ಕಿತು. ಅದೇ ಹೊಲದಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವಳ ಹೆಸರು ಯಾವ ಕರಾರಿನಲ್ಲೂ ಇಲ್ಲ. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ದಕ್ಕಿತು. ನೊಗ ಬೇಡದ ಹೂಡಿಕೆ ಇದು, ಬಿಸಿಲೊಂದನ್ನೇ ಹೂಡಿದರೆ ಸಾಕು.

ಹೂಡು ಎಂಬುದಕ್ಕೆ ನಮ್ಮಲ್ಲಿ ಜೋಡಿಪದ ಬಿಡು. ಬೆಳಗಿನ ಜಾವ ಹೂಡಿದ ಆರನ್ನು ಬಿಸಿಲೇರುವ ಮುಂಚೆ ಬಿಡುತ್ತಿದ್ದರು. ಗಡಿಯಾರವಿಲ್ಲದ ಹೆಂಗಸರು “ಆರು ಬಿಡೋ ಹೊತ್ತಾಯ್ತು” ಎಂದು ಒಲೆಯ ಮೇಲೆ ಮುದ್ದೆಗೆ ಎಸರಿಡುತ್ತಿದ್ದರು. ಬಿಡುವ ಹೊತ್ತು ಗೊತ್ತಿಲ್ಲದೆ ಯಾರೂ ಹೂಡುತ್ತಿರಲಿಲ್ಲ. ವ್ಯೂಹದ ಕತೆ ಬೇರೆ, ಅಭಿಮನ್ಯುವನ್ನು ಕೇಳಿ.

ಹೋದ ಸಲ ತಿರುಮಣಿ ಕಡೆ ಹೋದಾಗ ಚಹಾ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು ಫಲಕಗಳ ಕಡೆ ಕೈ ತೋರಿಸಿ, ತಮ್ಮ ನಾಲ್ಕೆಕರೆ ಅದರೊಳಗೇ ಎಲ್ಲೋ ಇದೆ ಅಂದರು. ಬದು ಯಾವುದೂ ಕಾಣುತ್ತಿರಲಿಲ್ಲ. ಗುತ್ತಿಗೆ ಮುಗಿಯುವುದು 2045ರ ಸುಮಾರಿಗೆ ಎಂದು ಲೆಕ್ಕ ಹಾಕಿ, “ಆಮೇಲೆ ಏನ್ ಮಾಡ್ತೀರಿ ಯಜಮಾನ್ರೇ, ತಿರುಗಾ ಆರು ಹೂಡ್ತೀರಾ?” ಎಂದೆ.

“ಅದನ್ನ ನನ್ ಮೊಮ್ಮಗನ್ನ ಕೇಳ್ಬೇಕು ಸ್ವಾಮಿ,” ಅಂದರು. “ಅವನೀಗ ಒಂದನೇ ಕ್ಲಾಸು.”